ಬೇಸಿಗೆ ಮಾತು

ನಮ್ಮ ಮನೆಯಲ್ಲಿ ವರ್ಷಕ್ಕೆ ಎರಡೇ ಕಾಲ. ಮಂದೆ ಮನೆಯಲ್ಲಿರುವ ಕಾಲ, ಮಂದೆ ಹೊರಗೆ ಹೋದ ಕಾಲ. ಶಾಲೆಯಲ್ಲಿ ಮೂರು ಕಾಲ ಕಲಿಸಿದರು, ಪಂಚಾಂಗದಲ್ಲಿ ಆರು ಋತು ಇದ್ದವು, ಎರಡೂ ನಮ್ಮ ಹೊಸ್ತಿಲು ದಾಟಿ ಒಳಗೆ ಬರಲಿಲ್ಲ. ಹಿರಿಯೂರು ತಾಲ್ಲೂಕಿನ ಆದಿವಾಲದಿಂದ ಒಳಗೆ ನಡೆದು ಹೋಗಬೇಕಾದ ಕುರುಬರ ಹಟ್ಟಿ ನಮ್ಮದು. ರಾಗಿ ಕಣ ಮುಗಿದು, ಸುತ್ತಲಿನ ಹೊಲಗಳಲ್ಲಿ ಕುರಿ ಬಾಯಿಗೆ ಸಿಗುವ ಕೂಳೆಯೂ ತೀರಿದ ಮೇಲೆ ದೊಡ್ಡಪ್ಪ ಮತ್ತು ಅಪ್ಪ ಕುರಿ ಹೊಡೆದುಕೊಂಡು ಪಡುವಣಕ್ಕೆ ಹೊರಡುತ್ತಿದ್ದರು. ಹೊಸದುರ್ಗ ದಾಟಿ, ಹೊಳಲ್ಕೆರೆ ಸೀಮೆ ಹಾದು, ಚಿಕ್ಕಜಾಜೂರಿನ ರೈಲು ಹಳಿಯಾಚೆ ನೀರಾವರಿ ಗದ್ದೆಗಳಿರುವ ಕಡೆಗೆ. ಅಲ್ಲಿ ರೈತರ ಗದ್ದೆಯಲ್ಲಿ ಮಂದೆ ನಿಲ್ಲಿಸಿದರೆ ಭೂಮಿಗೆ ಗೊಬ್ಬರ, ಇವರಿಗೆ ಕಾಳು. ಮೊದಲ ಮಳೆ ಬಿದ್ದು ನಮ್ಮ ಕಡೆ ಹಸಿರು ಚಿಗುರಿದಾಗ ವಾಪಸು. ನಡುವಿನ ಅಷ್ಟೂ ತಿಂಗಳು ಮನೆಯಲ್ಲಿ ಇರುತ್ತಿದ್ದವರು ಅಜ್ಜಿ, ದೊಡ್ಡಪ್ಪನ ಹೆಂಡತಿಯಾದ ದೊಡ್ಡವ್ವ, ನಮ್ಮವ್ವ ಮತ್ತು ನಾನು. ಹಳ್ಳಿಯ ಬೇಸಿಗೆ ಎಂದರೆ ಮಾವಿನಹಣ್ಣು, ಬಾವಿಯ ಈಜು, ಅಜ್ಜಿಯ ಕತೆ ಎಂದು ಬರೆಯುವವರು ಬರೆದುಕೊಳ್ಳಲಿ. ಪತ್ರಿಕೆಯ ಡೆಸ್ಕಿನಲ್ಲಿ ಕೂದಲು ಬೆಳ್ಳಗಾಗುವವರೆಗೆ ಕೂತವಳು ನಾನು, ಕಂಡಿದ್ದನ್ನು ಬಿಟ್ಟು ಬೇರೆ ಬರೆಯಲು ಬರುವುದಿಲ್ಲ. ನಾನು ಕಂಡ ಬೇಸಿಗೆ ಎಂದರೆ ಗಂಡಸರಿಲ್ಲದ ಮನೆ.

ಮಂದೆ ಮನೆಯಲ್ಲಿದ್ದಾಗ ಮುಂಬಾಗಿಲಿನ ಜಗಲಿ ದೊಡ್ಡಪ್ಪನದು. ಅದನ್ನು ದಾಟಿದರೆ ಪಡಸಾಲೆ. ಅಲ್ಲಿ ಗಂಡಸರ ಕಂಬಳಿ, ಕೋಲು, ಹಾಸಿಗೆ. ಹೆಂಗಸರು ಹಿತ್ತಿಲ ಬಾಗಿಲಿನಿಂದ ಓಡಾಡಬೇಕು. ಗಂಡಸರು ಉಂಡು ಕೈ ತೊಳೆದ ಮೇಲೆ ಅಡಿಗೆ ಮನೆಯಲ್ಲಿ ತಣ್ಣಗಾದ ಮುದ್ದೆಯನ್ನು ಹೆಂಗಸರು ಉಣ್ಣಬೇಕು. ಅವ್ವ ಭಾವನ ಎದುರಿಗೆ ನಿಲ್ಲುವಂತಿರಲಿಲ್ಲ, ಮಾತಾಡುವಂತೆಯೂ ಇರಲಿಲ್ಲ. ಹೇಳಬೇಕಾದದ್ದನ್ನು ಬಾಗಿಲ ಮರೆಯಿಂದ ನನಗೆ ಹೇಳುತ್ತಿದ್ದಳು. "ನಿಮ್ಮ ದೊಡ್ಡಪ್ಪಂಗೆ ಹೇಳೇ, ಉಪ್ಪು ತೀರೈತೆ ಅಂತ." ದೊಡ್ಡಪ್ಪ ಅಲ್ಲೇ ನಾಲ್ಕು ಅಡಿ ದೂರದಲ್ಲಿ ಕೂತು ಪ್ರತಿ ಅಕ್ಷರ ಕೇಳಿಸಿಕೊಂಡರೂ ನಾನು ಹೋಗಿ ಮತ್ತೆ ಹೇಳುವವರೆಗೆ ಕೇಳಿಸಿಕೊಂಡಂತೆ ತೋರಿಸುತ್ತಿರಲಿಲ್ಲ. ವರದಿಗಾರಿಕೆಯ ಮೊದಲ ಪಾಠ ನನಗೆ ಅಲ್ಲೇ ಆಯಿತು. ಇಬ್ಬರ ನಡುವೆ ನಿಂತು, ಒಂದು ಮಾತೂ ಸೇರಿಸದೆ, ಒಂದು ಮಾತೂ ಬಿಡದೆ ದಾಟಿಸುವುದು.

ಮಂದೆ ಊರು ದಾಟಿ ಧೂಳು ಅಡಗಿದ ಮೇಲೆ ಅಜ್ಜಿ ಪೊರಕೆ ಹಿಡಿದು ಜಗಲಿ ಗುಡಿಸುತ್ತಿದ್ದಳು. ಆಮೇಲೆ ಅದರ ಮೇಲೆ ಕಾಲು ಚಾಚಿ ಕೂತು, ಬಾಯಿಗೆ ಎಲೆ ಅಡಿಕೆ ಹಾಕಿಕೊಂಡು ಒಳಗೆ ಕೂಗುತ್ತಿದ್ದಳು.

"ಬರ್ರೇ ಈಚಿಗೆ, ಕುಂತ್ಕಳ್ರೇ. ಯಾರವ್ರೆ ಇನ್ನ!"

ಅವತ್ತು ಸಂಜೆ ಬಿಸಿ ಮುದ್ದೆಯನ್ನು ಒಂದೇ ಗಂಗಾಳದ ಸುತ್ತ ಕೂತು ಉಣ್ಣುತ್ತಿದ್ದೆವು, ಜಗಲಿಯ ಮೇಲೆ, ಹಾದಿಯಲ್ಲಿ ಹೋಗುವವರಿಗೆ ಕಾಣುವಂತೆ. ಹುರುಳಿ ಸಾರಿನ ಹಬೆ ಮುಖಕ್ಕೆ ಬಡಿಯುತ್ತಿತ್ತು. ಬೀಸುವ ಕಲ್ಲನ್ನು ದೊಡ್ಡವ್ವ ಅಡಿಗೆ ಮನೆಯ ಕತ್ತಲಿನಿಂದ ಪಡಸಾಲೆಯ ಬೆಳಕಿಗೆ ಉರುಳಿಸಿಕೊಂಡು ಬರುತ್ತಿದ್ದಳು. ಅವ್ವ ಮುಂಬಾಗಿಲ ಪಕ್ಕ ನುಗ್ಗೆ ಕೊಂಬೆ ಊರುತ್ತಿದ್ದಳು. ಮಳೆ ಬಂತು, ಮಂದೆ ಬಂತು, ಬೀಸುವ ಕಲ್ಲು ಮತ್ತೆ ಕತ್ತಲಿಗೆ. ಕುರಿ ದಾರಿಗೆ ಅಡ್ಡ ಎಂದು ನುಗ್ಗೆ ಗಿಡ ದೊಡ್ಡಪ್ಪನ ಕೈಯಲ್ಲಿ ಬೇರುಸಮೇತ. ಇದಕ್ಕೆ ಮನೆಯಲ್ಲಿ ಒಂದು ಹೆಸರಿತ್ತು: ಬೇಸಿಗೆ ಮಾತು. ಗಂಡಸರಿಲ್ಲದಾಗ ಆಡಿದ, ಮಾಡಿದ, ನಿಶ್ಚಯಿಸಿದ ಯಾವುದೂ ಮಳೆಗಾಲಕ್ಕೆ ಲೆಕ್ಕಕ್ಕಿಲ್ಲ. ದೊಡ್ಡಪ್ಪ ಇದನ್ನು ಸಿಟ್ಟಿನಿಂದ ಹೇಳಿದ್ದು ನಾನು ಕೇಳಿಲ್ಲ. ನಗುತ್ತಲೇ ಹೇಳುತ್ತಿದ್ದರು. ಹೆಂಗಸರೂ ತಮ್ಮತಮ್ಮಲ್ಲಿ ಅದನ್ನೇ ಹೇಳಿಕೊಳ್ಳುತ್ತಿದ್ದರು. "ಬಿಡೇ ಗಂಗವ್ವ, ಅದು ಬೇಸಿಗೆ ಮಾತು" ಎಂದು ದೊಡ್ಡವ್ವ ಅವ್ವನಿಗೆ ಸಮಾಧಾನ ಹೇಳುತ್ತಿದ್ದಳು. ನನಗೆ ಹೆಚ್ಚು ಸಿಟ್ಟು ಬರುತ್ತಿದ್ದದ್ದು ಆ ಸಮಾಧಾನದ ಮೇಲೆ.

ನನಗೆ ಸಂಬಂಧಿಸಿದ ಬೇಸಿಗೆ ಮಾತು ಒಂದು ಕೋಣೆಯದು. ಪಡಸಾಲೆಯ ಪಕ್ಕ ಮರಿ ಕೋಣೆ ಇತ್ತು. ಮಳೆಗಾಲದಲ್ಲಿ ಹುಟ್ಟಿದ ಕುರಿಮರಿಗಳನ್ನು ತೇವಕ್ಕೆ, ಗಾಳಿಗೆ ಬಿಟ್ಟರೆ ಉಳಿಯುವುದಿಲ್ಲ, ಅವುಗಳಿಗಾಗಿ ಕಟ್ಟಿದ ಕೋಣೆ. ಮಂದೆ ಹೋದ ಮೇಲೆ ಅವ್ವ ಅದನ್ನು ಸಗಣಿ ಹಾಕಿ ಸಾರಿಸಿ, ಗೋಡೆಗೆ ಸುಣ್ಣ ಬಳಿದು ನನಗೆ ಕೊಡುತ್ತಿದ್ದಳು. ಅದಕ್ಕೆ ಒಂದು ಪುಟ್ಟ ಕಿಟಕಿ, ಒಳಗಿನಿಂದ ಅಗಳಿ ಹಾಕುವ ಬಾಗಿಲು. ಎಷ್ಟು ಸುಣ್ಣ ಬಳಿದರೂ ಮರಿಗಳ ಹಾಲಿನ ಹುಳಿ ವಾಸನೆ ಗೋಡೆಯಲ್ಲಿ ಉಳಿದೇ ಇರುತ್ತಿತ್ತು, ನನ್ನ ಪುಸ್ತಕಗಳಿಗೂ ಅದೇ ವಾಸನೆ. ಮಳೆ ಬಂದ ಮೇಲೆ ನನ್ನ ಓದು ಅಡಿಗೆ ಮನೆಯ ಹೊಗೆಗೆ. ಬೇಸಿಗೆಯಲ್ಲಿ ಕಲಿತದ್ದು ಮಳೆಗಾಲದಲ್ಲಿ ಮರೆಯುತ್ತಿತ್ತು. ಒಂಬತ್ತನೇ ತರಗತಿಯ ಅರ್ಧ ವರ್ಷದ ಪರೀಕ್ಷೆಯಲ್ಲಿ ಗಣಿತದಲ್ಲಿ ನಪಾಸಾದೆ. ಆ ಸಲ ಕುರಿ ಹೊಡೆದುಕೊಂಡು ಹೊರಡುವ ಮುಂಚೆ ದೊಡ್ಡಪ್ಪ ಜಗಲಿಯ ಮೇಲಿಂದ ನಿರ್ಧಾರ ಹೇಳಿದರು.

"ಹತ್ತನೇ ಕ್ಲಾಸ್ ಒಂದು ನೋಡಾಣ. ಅದ್ರಾಗೂ ಹಿಂಗೆ ಆದ್ರೆ ಓದು ಸಾಕು. ಮಾಡದಕೆರೆ ಕಡೇಲಿಂದ ಕೇಳ್ತಾ ಅವ್ರೆ, ಮದ್ವೆ ಮಾಡಿ ಕಳಿಸಾಣ."

ಬಾಗಿಲ ಮರೆಯಲ್ಲಿದ್ದ ಅವ್ವ ಒಲೆಯ ಕಡೆ ತಿರುಗಿದಳು. ದಾಟಿಸಲು ನನಗೆ ಮಾತೇ ಇರಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಇಂಗ್ಲಿಷ್ ಮೇಷ್ಟ್ರು ತರಗತಿಯಲ್ಲಿ ‘ಸಮ್ಮರ್’ ಎಂಬ ಪದ ಬರೆಸಿದರು. ಹೊಳಲ್ಕೆರೆ ಕಡೆಯವರು, ಒಳ್ಳೆಯ ಮನುಷ್ಯ, ಮಕ್ಕಳಿಗೆ ಹೊಡೆಯುತ್ತಿರಲಿಲ್ಲ. ಸಮ್ಮರ್ ಎಂದರೆ ಬೇಸಿಗೆ, ಬಹಳ ಬಿಸಿಲಿರುವ ಕಾಲ ಎಂದು ಹೇಳಿ, ‘ಇನ್ ಸಮ್ಮರ್’ ಎಂದು ಶುರುವಾಗುವ ಒಂದೊಂದು ವಾಕ್ಯ ಎಲ್ಲರೂ ಹೇಳಬೇಕು ಎಂದರು. ಒಬ್ಬಳು ಸಮ್ಮರಿನಲ್ಲಿ ಸೂರ್ಯ ಸುಡುತ್ತಾನೆ ಎಂದಳು. ಒಬ್ಬ ಕೆರೆ ಬತ್ತುತ್ತದೆ ಎಂದ. ನನ್ನ ಸರದಿ ಬಂತು. ಇದ್ದಷ್ಟು ಇಂಗ್ಲಿಷನ್ನೆಲ್ಲ ಕೂಡಿಸಿ ಎದ್ದು ನಿಂತು ಹೇಳಿದೆ.

"ಇನ್ ಸಮ್ಮರ್ ಮೈ ಮದರ್ ಸಿಟ್ಸ್ ಆನ್ ದಿ ಜಗಲಿ."

ಇಡೀ ತರಗತಿ ನಕ್ಕಿತು. ಮೇಷ್ಟ್ರಿಗೂ ನಗು ಬಂತು.

"ಅಲ್ಲಮ್ಮಾ, ಜಗಲಿ ಮೇಲೆ ಯಾವಾಗ ಬೇಕಾದ್ರೂ ಕೂತ್ಕಬೌದು. ಅದಕ್ಕೂ ಸಮ್ಮರಿಗೂ ಏನು? ಬಿಸಿಲಿನ ಬಗ್ಗೆ ಒಂದು ಹೇಳು."

"ಇಲ್ಲ ಸಾ. ನಮ್ಮನೇಲಿ ಸಮ್ಮರಿನಾಗೆ ಮಾತ್ರ."

ಬೇರೆ ವಾಕ್ಯ ಹೇಳು ಎಂದರು. ಹೇಳಲಿಲ್ಲ. ಪೀರಿಯಡ್ಡು ಮುಗಿಯುವವರೆಗೆ ನಿಂತೇ ಇದ್ದೆ. ಕೂರು ಎಂದ ಮೇಲೂ ನಿಂತಿದ್ದೆ. ಅವರು ಹೇಳಿದ ಅರ್ಥ ತಪ್ಪು ಎಂದು ನನಗೆ ಅನ್ನಿಸಿರಲಿಲ್ಲ. ನನ್ನ ವಾಕ್ಯ ಸರಿ ಎಂಬುದು ಮಾತ್ರ ಗೊತ್ತಿತ್ತು.

ಸಂಜೆ ಜಗಲಿಯ ಮೇಲೆ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದಾಗ ಇದನ್ನು ಹೇಳಿದೆ. ದೊಡ್ಡವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅಜ್ಜಿಗೆ ಇಂಗ್ಲಿಷಿನಲ್ಲಿ ತನ್ನ ಜಗಲಿ ಬಂತು ಎಂಬುದೇ ಸಂತೋಷ. "ನನ್ನೆಸ್ರು ಹೇಳ್ಲಿಲ್ವೇನೇ? ದಿನಾ ಕುಂತ್ಕಳಾಳು ನಾನು" ಎಂದಳು. ಅವ್ವ ಮಾತ್ರ ಕುಟ್ಟುವ ಕಲ್ಲನ್ನು ಕೆಳಗಿಟ್ಟಳು.

"ಮಳೆಗಾಲ್ದಾಗೆ ಎಲ್ಲಿ ಕುಂತ್ಕಂತಾಳೆ ಅಂತ ಕೇಳ್ಲಿಲ್ವಾ ನಿಮ್ ಮೇಷ್ಟ್ರು?"

"ಇಲ್ಲ."

"ಕೇಳಿದ್ರೆ ಏನಂತಿದ್ದೆ?"

ಅವ್ವ ಮತ್ತೆ ಕಲ್ಲು ಎತ್ತಿಕೊಂಡಳು. ಆ ಸಂಜೆ ಅವಳು ಬೀಜಗಳ ಜೊತೆ ಇನ್ನೇನನ್ನೋ ಕುಟ್ಟುತ್ತಿದ್ದಳು ಎಂದು ಈಗ ಬರೆದರೆ ಅದು ನನ್ನ ಊಹೆ. ಕಂಡದ್ದು ಇಷ್ಟು: ಮಾರನೆಯ ದಿನ ಅವಳು ಕುಡುಗೋಲು ಹಿಡಿದು ಹಳ್ಳದ ಕಡೆ ಹೋಗಿ ಒಂದು ಹೊರೆ ಲಕ್ಕಿ ಗಿಡದ ಕಡ್ಡಿ ಕಡಿದು ತಂದಳು.

ಈ ಪದದ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಬಹಳ ವರ್ಷಗಳ ನಂತರ, ಚಿತ್ರದುರ್ಗದ ಪತ್ರಿಕಾ ಕಚೇರಿಯಲ್ಲಿ, ಬೇಸಿಗೆ ಪುರವಣಿಯ ಮೂಲೆಯೊಂದು ಖಾಲಿ ಉಳಿದಾಗ ಅದನ್ನು ತುಂಬಲು ಸಮ್ಮರ್ ಪದದ ಮೂಲ ಹುಡುಕಿದೆ. ಕನ್ನಡದ ಬೇಸಿಗೆಯಲ್ಲಿ ಬೇಗೆ ಇದೆ. ಬೇಯುವುದಕ್ಕೂ ಅದಕ್ಕೂ ಬೇರು ಒಂದೇ ಎನ್ನುತ್ತಾರೆ. ಆದರೆ ಇಂಗ್ಲಿಷಿನ ಪದವನ್ನು ಹಿಂದಕ್ಕೆ ಹಿಂದಕ್ಕೆ ಎಳೆದುಕೊಂಡು ಹೋದರೆ ಬಿಸಿಲು ಸಿಗುವುದಿಲ್ಲ. ಆ ಮಾತನ್ನು ಆಡುತ್ತಿದ್ದ ಹಳೆಯ ಜನ ವರ್ಷವನ್ನು ಎರಡೇ ಭಾಗ ಮಾಡುತ್ತಿದ್ದರಂತೆ, ಒಂದು ಚಳಿಯ ಅರ್ಧ, ಇನ್ನೊಂದು ಈ ಅರ್ಧ. ನಮ್ಮ ಮನೆಯ ಹಾಗೆ. ಸಂಸ್ಕೃತದ ‘ಸಮಾ’ ಇದರ ದೂರದ ನೆಂಟ ಎಂದು ಬಲ್ಲವರು ಬರೆದಿದ್ದಾರೆ. ಅದಕ್ಕೆ ಋತು ಎಂಬ ಅರ್ಥವಿದೆ, ಅರ್ಧ ವರ್ಷ ಎಂಬ ಅರ್ಥವಿದೆ, ಇಡೀ ವರ್ಷ ಎಂಬ ಅರ್ಥವೂ ಇದೆ. ಅರ್ಧಕ್ಕೆ ಇಟ್ಟ ಹೆಸರು ಎಲ್ಲೋ ಒಂದು ಕಡೆ ಪೂರ್ತಿಗೆ ಹಬ್ಬಿದೆ. ಯಾರು ಹಬ್ಬಿಸಿದರು, ಯಾವಾಗ ಎಂಬುದಕ್ಕೆ ದಾಖಲೆ ಇಲ್ಲ. ಪುರವಣಿಯ ಮೂಲೆಗೆ ಅಷ್ಟನ್ನು ಬರೆದು ಕೊಟ್ಟೆ. ಉಳಿದದ್ದಕ್ಕೆ ಅಲ್ಲಿ ಜಾಗ ಇರಲಿಲ್ಲ.

ಆ ಬೇಸಿಗೆಯಲ್ಲಿ ಅವ್ವ ತಡಿಕೆ ಹೆಣೆದಳು. ಲಕ್ಕಿ ಕಡ್ಡಿಯನ್ನು ನೆನೆಸಿ, ಬಗ್ಗಿಸಿ, ಸೊಂಟದೆತ್ತರದ ತಡಿಕೆಗಳು. ಯಾಕೆ ಎಂದು ದೊಡ್ಡವ್ವ ಕೇಳಿದರೆ "ಇರ್ಲಿ ಅಕ್ಕ, ಬೇಕಾಗ್ತಾವೆ" ಎನ್ನುತ್ತಿದ್ದಳು. ಜೊತೆಗೆ ಪ್ರತಿ ವರ್ಷದ ಕೆಲಸ ಇದ್ದೇ ಇತ್ತು. ನಮ್ಮದು ಮಣ್ಣಿನ ಮಾಳಿಗೆ ಮನೆ. ಮಳೆಗೆ ಮುಂಚೆ ಮಾಳಿಗೆಯ ಮೇಲೆ ಹೊಸದಾಗಿ ಕರಲು ಹಾಕಬೇಕು. ಕರಲು ಎಂದರೆ ಬೆಳೆ ಬರದ ನೆಲದ ಬಿಳಿಚು ಸವಳು ಮಣ್ಣು, ನೀರು ಬಿದ್ದರೆ ಬಿಗಿದುಕೊಂಡು ಸೋರುವುದಿಲ್ಲ. ಅದನ್ನು ಅಗೆದು, ಬುಟ್ಟಿಯಲ್ಲಿ ಹೊತ್ತು, ಏಣಿ ಹತ್ತಿ ಸುರಿದು, ಕಾಲಿನಿಂದ ತುಳಿದು ಹದ ಮಾಡುವುದು ನಾವು ನಾಲ್ವರೇ. ಮಾಳಿಗೆ ಕಾದ ಹೆಂಚಾಗುತ್ತಿತ್ತು. ಅಜ್ಜಿ ಕೆಳಗೆ ನಿಂತು ನನ್ನನ್ನು ಬೈಯುತ್ತಿದ್ದಳು. "ಆ ಮೂಲೆ ಬಿಟ್ಟಿದೀಯಲ್ಲೇ ರತ್ನಿ! ಅಲ್ಲಿಂದ ಸೋರಿದ್ರೆ ನಿನ್ ತಲೆ ಇಡ್ತೀಯಾ?" ಅಂಗೈ ಬಿರಿದು ಕರಲಿನ ಉಪ್ಪು ಒಳಗಿಳಿದು ಉರಿಯುತ್ತಿತ್ತು. ಮೋಡ ಕಟ್ಟುವ ಹೊತ್ತಿಗೆ ಮಾಳಿಗೆ ಮುಗಿದಿತ್ತು. ಆಮೇಲೆ ಅವ್ವ ತಡಿಕೆಗಳನ್ನು ತಂದು ಪಡಸಾಲೆಯ ಅರ್ಧಕ್ಕೆ ಅಡ್ಡ ಗೂಟ ನೆಟ್ಟು ನಿಲ್ಲಿಸಿದಳು. ದೊಡ್ಡಪ್ಪ ಹಾಸಿಗೆ ಹಾಸುವ ಕಡೆಯ ಅರ್ಧ. ಒಳಗೆ ಒಣ ಹುಲ್ಲು ಹರಡಿದಳು, ಬೂದಿ ಎರಚಿದಳು, ಮರಿಗಳಿಗೆ ನೀರಿನ ಕಲ್ಲುಬಾನಿ ಇಟ್ಟಳು. ದೊಡ್ಡವ್ವ ಎರಡೂ ಕೈ ಕೆನ್ನೆಗೆ ಇಟ್ಟುಕೊಂಡು ನಿಂತಳು.

"ಗಂಗವ್ವ, ನಿಂಗೇನ್ ತಲೆ ಕೆಟ್ಟೈತಾ? ಬಂದ್ರೆ ಸುಮ್ನೆ ಬಿಡ್ತಾರಾ ಅವ್ರು?"

"ಬರ್ಲಿ ಅಕ್ಕ. ಮರಿ ಕ್ವಾಣೆ ರತ್ನಿಗೆ ಹತ್ತನೇ ಕ್ಲಾಸಿಗೆ ಬೇಕು. ಮರಿಗೆ ಬೆಚ್ಚಗೆ ಜಾಗ ಬೇಕು. ಎರಡಕ್ಕೂ ಐತೆ."

"ಅವ್ರಿಗೆ?"

"ಉಳಿದಿದ್ರಾಗೆ ಮಲಗ್ತಾರೆ. ನಾವು ಮಲಗಿಲ್ವಾ ಇಷ್ಟ್ ವರ್ಷ?"

ಮಂದೆ ಬಂದ ದಿನ ಮಳೆ ಹಗಲಿನಲ್ಲೇ ಸುರಿಯುತ್ತಿತ್ತು. ವಾಡಿಕೆಯಂತೆ ಅಜ್ಜಿ ಬಾಗಿಲಲ್ಲಿ ಕಾಲಿಗೆ ನೀರು ಹಾಕಿ, ಮುಖಕ್ಕೆ ನೀವಾಳಿಸಿ ಒಳಗೆ ಕರೆದಳು. ದೊಡ್ಡಪ್ಪ ತೊಯ್ದ ಕಂಬಳಿ ಕೊಡವುತ್ತಾ ಪಡಸಾಲೆಗೆ ಕಾಲಿಟ್ಟು ನಿಂತರು. ಹಿಂದೆ ಅಪ್ಪ, ಎದೆಗೆ ಅವಚಿಕೊಂಡ ಕಂಬಳಿಯೊಳಗೆ ದಾರಿಯಲ್ಲಿ ಹುಟ್ಟಿದ ಮರಿ.

"ಏನಿದು?"

ದೊಡ್ಡಪ್ಪ ಮರಿ ಕೋಣೆಯ ಬಾಗಿಲು ತಳ್ಳಿ ನೋಡಿದರು. ಸುಣ್ಣ ಬಳಿದ ಗೋಡೆ, ನನ್ನ ಚಾಪೆ, ಪುಸ್ತಕ. ಆಮೇಲೆ ನಕ್ಕರು, ಎಂದಿನ ನಗು.

"ಓಹೋ, ಬೇಸಿಗೆ ಮಾತು! ಆಯ್ತಲ್ಲ, ಮಳೆ ಬಂತು. ತಡಿಕೆ ಕೀಳ್ರಿ ಮತ್ತೆ."

ನಡುಮನೆಯ ಬಾಗಿಲ ಮರೆಯಿಂದ ಅವ್ವನ ದನಿ ಬಂತು. "ನಿಮ್ಮ ದೊಡ್ಡಪ್ಪಂಗೆ ಹೇಳೇ, ತಡಿಕೆ ಕೀಳಾಕಿಲ್ಲ ಅಂತ."

ನಾನು ಹೇಳಿದೆ. "ಕೀಳಾಕಿಲ್ಲಂತೆ ದೊಡ್ಡಪ್ಪ."

"ನಿಮ್ಮವ್ವಂಗೆ ಹೇಳು, ಮನೆ ಯಜಮಾನ ಹುಲ್ಲಿನ ಮ್ಯಾಲೆ ಮಲಗಲ್ಲ ಅಂತ."

"ಹೇಳೇ ಅವ್ರಿಗೆ, ಹುಲ್ಲು ಮರಿಗೆ ಹಾಕಿರದು, ಯಜಮಾನ್ರಿಗಲ್ಲ ಅಂತ."

ಅಜ್ಜಿ ಕೆಮ್ಮಿದಳು. ಅದು ಕೆಮ್ಮೋ ನಗುವೋ ಖಚಿತವಿಲ್ಲ. ದೊಡ್ಡಪ್ಪನ ನಗು ಹೋಗಿತ್ತು. ಅವರು ತಡಿಕೆಗೆ ಕೈ ಹಾಕಿದರು. ಒಂದು ಗೂಟ ಅಲುಗಿತು. ಆಗ ಅವ್ವ ಬಾಗಿಲ ಮರೆ ಬಿಟ್ಟು ಬಂದು ಅವರ ಎದುರಿಗೆ ನಿಂತಳು. ನಾನು ದಾಟಿಸಲು ಬಾಯಿ ತೆರೆದಿದ್ದೆ, ಅವ್ವ ಕೈಯಿಂದ ನನ್ನನ್ನು ಪಕ್ಕಕ್ಕೆ ಸರಿಸಿದಳು.

"ಭಾವ, ಮ್ಯಾಲೆ ನೋಡ್ರಿ."

ದೊಡ್ಡಪ್ಪ ನೋಡಿದರು. ಅವ್ವನ ದನಿ ತನಗೇ ನೇರವಾಗಿ ಬಂದದ್ದಕ್ಕೋ ಏನೋ, ನೋಡಿಬಿಟ್ಟರು. ಮಾಳಿಗೆಯ ಮೇಲೆ ಮಳೆ ಬಡಿಯುತ್ತಿತ್ತು. ತೊಲೆಗಳು ಒಣಗಿದ್ದವು.

"ಒಂದು ಹನಿ ಬೀಳ್ತೈತಾ? ಆ ಕರಲು ಹಾಕಿದ್ದೂ ಬೇಸಿಗೆ ಮಾತೇ. ಮದ್ಲು ಏಣಿ ಹತ್ತಿ ಅದನ್ನ ಕೆರ್ದು ಹಾಕ್ರಿ. ಆಮ್ಯಾಕೆ ತಡಿಕೆ ಕೀಳ್ರಿ, ನಾನೇ ಗೂಟ ಹಿಡ್ಕಂತೀನಿ."

ಆ ಹೊತ್ತಿಗೆ ಯಾರೂ ಎದುರು ನೋಡದ ಒಂದು ಕೆಲಸ ಅಪ್ಪ ಮಾಡಿದ. ಮರಿ ಅವನ ಎದೆಯಲ್ಲಿ ಅರಚುತ್ತಿತ್ತು. ಅವನು ಅಣ್ಣನ ಮುಖ ನೋಡಲಿಲ್ಲ, ಅವ್ವನ ಮುಖವನ್ನೂ ನೋಡಲಿಲ್ಲ. ತಡಿಕೆಯ ಮೇಲಿಂದ ಬಗ್ಗಿ ಮರಿಯನ್ನು ಹುಲ್ಲಿನ ಮೇಲೆ ಇಳಿಸಿ, ಉಳಿದವನ್ನು ತರಲು ಮತ್ತೆ ಮಳೆಗೆ ಹೋದ. ದೊಡ್ಡಪ್ಪ ಜಗಲಿಗೆ ಹೋಗಿ ಕೂತರು. ಇರಚಲು ಹೊಡೆದು ತೊಯ್ದ ಮೇಲೆ ಒಳಗೆ ಬಂದು, ಪಡಸಾಲೆಯ ಉಳಿದ ಅರ್ಧದಲ್ಲಿ ಗೋಡೆಗೆ ಮುಖ ಮಾಡಿ ಮಲಗಿದರು. ಮಾರನೆಯ ಬೆಳಿಗ್ಗೆ ಅವರ ಗೊಣಗು ಅಡಿಗೆ ಮನೆಯವರೆಗೂ ಕೇಳುತ್ತಿತ್ತು.

"ಅವ್ವಾ, ಈ ಮರಿ ತಡಿಕೆ ಸಂದೀಲಿ ಮೂತಿ ತೂರ್ಸಿ ನನ್ ಕಂಬಳಿ ತಿಂತೈತೆ!"

"ತಿನ್ಲಿ ಬಿಡಪ್ಪ," ಎಂದಳು ಅಜ್ಜಿ. "ಅದರಪ್ಪನ ಉಣ್ಣೇನೆ ಅಲ್ವಾ ಅದು."

ತಡಿಕೆ ಉಳಿಯಿತು. ಆ ವರ್ಷ ಮರಿಗಳು ಸತ್ತವೇ ಎಂದು ಕೇಳುವವರಿಗೆ: ಸತ್ತವು, ಪ್ರತಿ ವರ್ಷ ಸಾಯುತ್ತಿದ್ದ ಹಾಗೆಯೇ. ದೊಡ್ಡಪ್ಪ ಅದನ್ನು ಪಡಸಾಲೆಯ ತಪ್ಪು ಎಂದರು, ಅವ್ವ ಬದುಕಿದವನ್ನು ತೋರಿಸಿದಳು. ಯಾರ ವಾದಕ್ಕೂ ಸಾಕ್ಷಿ ಸಾಲದು ಎಂಬುದು ನನ್ನ ಅಭಿಪ್ರಾಯ, ಆಗಲೂ ಈಗಲೂ. ನಾನು ಹತ್ತನೇ ತರಗತಿ ಪಾಸಾದೆ, ಹೇಳಿಕೊಳ್ಳುವಂಥ ಅಂಕಗಳೇನಲ್ಲ. ಮಾಡದಕೆರೆಯವರು ಬೇರೆ ಹುಡುಗಿ ನೋಡಿಕೊಂಡರು. ದೊಡ್ಡಪ್ಪ ಸೋತೆ ಎಂದು ಒಂದು ದಿನವೂ ಹೇಳಲಿಲ್ಲ. ಅವ್ವ ಗೆದ್ದೆ ಎಂದೂ ಹೇಳಲಿಲ್ಲ. ಆದರೆ ಅವಳು ಕೋಣೆಗೆ ನಿಲ್ಲಿಸಲಿಲ್ಲ. ಆ ಮಳೆಗಾಲದ ಒಂದು ಮಧ್ಯಾಹ್ನ, ಮಳೆ ನಿಂತು ಹೊಳವಾದ ಹೊತ್ತಿನಲ್ಲಿ, ಗಂಡಸರು ಇನ್ನೂ ಉಣ್ಣದೆ ಇರುವಾಗಲೇ, ಗಂಗಾಳದಲ್ಲಿ ಬಿಸಿ ಮುದ್ದೆ ಇಟ್ಟುಕೊಂಡು ಮುಂಬಾಗಿಲಿನಿಂದ ಹೊರಗೆ ಬಂದಳು. ಜಗಲಿಯ ಒಂದು ಕೊನೆಯಲ್ಲಿ ದೊಡ್ಡಪ್ಪ ಕೂತಿದ್ದರು. ಇನ್ನೊಂದು ಕೊನೆಯಲ್ಲಿ ಅವ್ವ ಕೂತು ಉಣ್ಣತೊಡಗಿದಳು. ದೊಡ್ಡಪ್ಪ ಹಾದಿಯ ಕಡೆ ನೋಡಿದರು, ಮಾಳಿಗೆಯ ಅಂಚು ನೋಡಿದರು. ಎದ್ದು ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ, ವರ್ಷಗಟ್ಟಲೆ ಎಲ್ಲವನ್ನೂ ಬೇಸಿಗೆ ಮಾತು ಎಂದು ಸಮಾಧಾನ ಮಾಡುತ್ತಿದ್ದ ದೊಡ್ಡವ್ವ ಬಾಗಿಲಲ್ಲಿ ಕಾಣಿಸಿಕೊಂಡಳು. ಗಂಡನ ಕಡೆ ಒಮ್ಮೆ, ಅವ್ವನ ಕಡೆ ಒಮ್ಮೆ ನೋಡಿದಳು. "ಸರ್ಕಳೇ" ಎಂದು ಅವ್ವನನ್ನು ಮೊಣಕೈಯಿಂದ ತಿವಿದು ಪಕ್ಕದಲ್ಲಿ ಕೂತು, ಅದೇ ಗಂಗಾಳಕ್ಕೆ ಕೈ ಹಾಕಿದಳು.

ಅದೇ ವಾರ ಮೇಷ್ಟ್ರು ತರಗತಿಯಲ್ಲಿ ಹಳೆಯದನ್ನು ನೆನಪಿಟ್ಟುಕೊಂಡು ನನ್ನನ್ನೇ ಎಬ್ಬಿಸಿದರು. "ಏನಮ್ಮಾ, ಸಮ್ಮರ್ ಮುಗೀತು. ನಿನ್ನ ಆ ವಾಕ್ಯ ಏನಾಯ್ತು?" ಎಲ್ಲರೂ ನಗಲು ಸಿದ್ಧರಾಗಿದ್ದರು. ನಾನು ಎದ್ದು ನಿಂತು, ಮೊದಲ ಎರಡು ಪದ ಹೊಡೆದುಹಾಕಿ ಹೇಳಿದೆ. ಅದೇ ನಾನು ಮಾಡಿದ ಮೊದಲ ತಿದ್ದುಪಡಿ.

"ಮೈ ಮದರ್ ಸಿಟ್ಸ್ ಆನ್ ದಿ ಜಗಲಿ."